ಸಮಾಜಶಾಸ್ತ್ರ–ಮಾನವಶಾಸ್ತ್ರ ಜೋಡಿ ಪದವಿ: ಬೆಂಗಳೂರಿನಲ್ಲಿ ಸೇರುವ ಮುನ್ನ ಒಂದು ವಿಮರ್ಶೆ

ಬೆಂಗಳೂರಿನಲ್ಲಿ ಸಮಾಜಶಾಸ್ತ್ರ ಓದಲು ಕಾಲೇಜು ಹುಡುಕಬೇಕಾಗಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಿಂದ ಹಿಡಿದು ಲಕ್ಷಗಟ್ಟಲೆ ಶುಲ್ಕದ ಖಾಸಗಿ ವಿಶ್ವವಿದ್ಯಾಲಯದವರೆಗೆ ಎಲ್ಲ ಕಡೆ ಇದೆ. ಮಾನವಶಾಸ್ತ್ರದ ಮಾತು ಬೇರೆ. ಪದವಿ ಮಟ್ಟದಲ್ಲಿ ಅದನ್ನು ಪೂರ್ಣ ವಿಷಯವಾಗಿ, ಪ್ರಯೋಗಾಲಯ ಸಮೇತ ಕಲಿಸುವ ಜಾಗ ಈ ಊರಲ್ಲಿ ಸುಲಭಕ್ಕೆ ಸಿಗದು. ಹಾಗಾಗಿ ‘ಸೋಶಿಯಾಲಜಿ ಆಂಡ್ ಆಂಥ್ರೊಪಾಲಜಿ’ ಎಂದು ಬ್ರೋಷರ್‌ನಲ್ಲಿ ಕಂಡರೆ, ಎರಡನೆಯ ಹೆಸರಿನ ಹಿಂದೆ ನಿಜಕ್ಕೂ ಏನಿದೆ ಎಂದು ಮೊದಲು ನೋಡಿ. ಕೆಲವೆಡೆ ನಾಲ್ಕು ಪತ್ರಿಕೆಗಳಿರುತ್ತವೆ. ಕೆಲವೆಡೆ ಒಂದೇ ಒಂದು, ಅದೂ ‘ಸಾಮಾಜಿಕ ಮಾನವಶಾಸ್ತ್ರ ಪರಿಚಯ’. ಒಂದು ಪತ್ರಿಕೆಗೆ ಜೋಡಿ ಪದವಿ ಎಂಬ ಹೆಸರು ಭಾರವಾಯಿತು.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಕ್ಷೇತ್ರಕಾರ್ಯ (ಜನರ ನಡುವೆ ಹೋಗಿ ನೋಡಿ, ಕೇಳಿ, ದಾಖಲಿಸುವ ಕೆಲಸ) ಇರುವ ಜೋಡಿ ಪದವಿಯಲ್ಲಿ ಕೊಟ್ಟ ಹಣಕ್ಕೂ ಕಳೆದ ಮೂರು ವರ್ಷಕ್ಕೂ ಮೋಸವಿಲ್ಲ. ಕ್ಷೇತ್ರಕಾರ್ಯ ಇಲ್ಲದ ಜೋಡಿಗಿಂತ ನೆಟ್ಟಗೆ ಕಲಿಸುವ ಸಮಾಜಶಾಸ್ತ್ರದ ಬಿ.ಎ. ಮೇಲು. ಈ ಎರಡು ವಿಷಯಗಳು ಒಂದರ ತಪ್ಪನ್ನು ಇನ್ನೊಂದು ಹಿಡಿಯುವುದು ಹೊರಗೆ ಹೋಗಿ ಕೆಲಸ ಮಾಡಿದಾಗ ಮಾತ್ರ. ತರಗತಿಯಲ್ಲೇ ಕೂತರೆ ಒಂದೇ ಪಾಠಕ್ಕೆ ಎರಡು ನೋಟ್‌ಬುಕ್ ಇಟ್ಟಂತಾಗುತ್ತದೆ.

ಈ ಜೋಡಿ ಹೊಸ ಫ್ಯಾಷನ್ ಅಂದುಕೊಂಡವರಿಗೆ ಒಂದು ಮಾತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1930ರ ದಶಕದಲ್ಲೇ ‘ಸೋಶಿಯಲ್ ಫಿಲಾಸಫಿ’ ಎಂಬ ಆನರ್ಸ್ ಇತ್ತು, ಅದರೊಳಗೆ ಸಮಾಜಶಾಸ್ತ್ರವೂ ಮಾನವಶಾಸ್ತ್ರವೂ ಇದ್ದವು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1936ರಲ್ಲಿ ಮುಗಿಸಿದ್ದು ಅದನ್ನೇ. ಆಮೇಲೆ ಮುಂಬೈಯಲ್ಲಿ ಘುರ್ಯೆ ಅವರ ಬಳಿ ಸಮಾಜಶಾಸ್ತ್ರ, ಆಕ್ಸ್‌ಫರ್ಡ್‌ನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಮತ್ತು ಇವಾನ್ಸ್-ಪ್ರಿಚರ್ಡ್ ಅವರ ಬಳಿ ಸಾಮಾಜಿಕ ಮಾನವಶಾಸ್ತ್ರ, 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸ. ‘ಪ್ರಬಲ ಜಾತಿ’, ‘ಸಂಸ್ಕೃತೀಕರಣ’ (ಮೇಲಿನ ಜಾತಿಯ ಆಚಾರಗಳನ್ನು ಕೆಳಗಿನವರು ಅನುಕರಿಸುವುದು), ‘ವೋಟ್ ಬ್ಯಾಂಕ್’ ಎಂದು ನಾವು ಚುನಾವಣೆ ಬಂದಾಗಲೆಲ್ಲ ಆಡುವ ಮಾತುಗಳು ಅಂಥ ಕೆಲಸದಿಂದ ಬಂದವು. 1972ರಲ್ಲಿ ಅವರು ಬೆಂಗಳೂರಿಗೆ ಬಂದರು. ಅವರು ಬಂದು ಸೇರಿದ, ಅದೇ ವರ್ಷ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇಂದು ನಾಗರಭಾವಿಯಲ್ಲಿದೆ. ಅಂದರೆ ಈ ಪದವಿಗೆ ನಮ್ಮ ನೆಲದಲ್ಲೇ ಬೇರಿದೆ. ಸೀಟು ಮಾತ್ರ ಕಡಿಮೆ.

ಎರಡರಲ್ಲಿ ಏನು ಒಂದೇ, ಏನು ಬೇರೆ

ಕುಟುಂಬ, ವಿವಾಹ, ರಕ್ತಸಂಬಂಧ, ಜಾತಿ, ಧರ್ಮ ಎಲ್ಲವೂ ಎರಡು ಕಡೆಯೂ ಬರುತ್ತವೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್ ಎರಡು ಕಡೆಯೂ ಬರುತ್ತಾರೆ: ಸಮಾಜಶಾಸ್ತ್ರದಲ್ಲಿ ಆತ್ಮಹತ್ಯೆಯ ಅಂಕಿಅಂಶಗಳೊಂದಿಗೆ, ಮಾನವಶಾಸ್ತ್ರದಲ್ಲಿ ಆಸ್ಟ್ರೇಲಿಯಾದ ಬುಡಕಟ್ಟುಗಳ ಕುಲಚಿಹ್ನೆಯಾದ ಟೋಟೆಮ್‌ನೊಂದಿಗೆ. ಕಾರ್ಯವಾದ, ರಚನಾವಾದ ಎಂಬ ಸಿದ್ಧಾಂತಗಳು ಮತ್ತೆ ಮತ್ತೆ ಸಿಗುತ್ತವೆ. ಹೊರೆ ಹಗುರವಾಯಿತೆಂದು ವಿದ್ಯಾರ್ಥಿಗಳು ಹಿಗ್ಗುತ್ತಾರೆ. ಪರೀಕ್ಷೆಯಲ್ಲಿ ಎಡವುವುದೂ ಇಲ್ಲೇ: ಮದುವೆಯ ಬಗ್ಗೆ ಒಂದೇ ಉತ್ತರವನ್ನು ಎರಡೂ ಪತ್ರಿಕೆಗೆ ಬರೆದುಬರುತ್ತಾರೆ. ಸಮಾಜಶಾಸ್ತ್ರದ ಪತ್ರಿಕೆ ಕೇಳುವುದು ಬದಲಾವಣೆಯನ್ನು: ಕಾನೂನು, ನಗರ, ದುಡಿಮೆ, ಶಿಕ್ಷಣ ಸೇರಿ ಮದುವೆಯ ವಯಸ್ಸನ್ನೂ ಆಯ್ಕೆಯನ್ನೂ ಹೇಗೆ ಕದಲಿಸಿದವು ಎಂದು. ಮಾನವಶಾಸ್ತ್ರದ ಪತ್ರಿಕೆ ಕೇಳುವುದು ನಿಯಮವನ್ನು: ಯಾರು ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಕೂಡದು, ಆ ನಿಯಮದಿಂದ ಆಸ್ತಿ ಎಲ್ಲಿ ಉಳಿಯುತ್ತದೆ ಎಂದು.

ಸಮಾಜಶಾಸ್ತ್ರದಲ್ಲಿ ಇಲ್ಲದ್ದು, ಮಾನವಶಾಸ್ತ್ರದಲ್ಲಿ ತಪ್ಪಿಸಿಕೊಳ್ಳಲಾಗದ್ದು ಅಂದರೆ ದೇಹ. ಮಾನವಶಾಸ್ತ್ರಕ್ಕೆ ನಾಲ್ಕು ಕವಲುಗಳು: ಜೈವಿಕ, ಸಾಮಾಜಿಕ–ಸಾಂಸ್ಕೃತಿಕ, ಪುರಾತತ್ತ್ವ, ಭಾಷೆ. ಕಲಾ ವಿಭಾಗದಿಂದ ಬಂದವರು ಬೆಚ್ಚಿಬೀಳುವುದು ಮೊದಲನೆಯದರಲ್ಲಿ. ಬೆಚ್ಚುವ ಅಗತ್ಯವಿಲ್ಲ. ಎಸ್‌ಎಸ್‌ಎಲ್‌ಸಿ ವಿಜ್ಞಾನದ ಅನುವಂಶೀಯತೆ ಪಾಠವನ್ನು ತರಗತಿ ಶುರುವಾಗುವ ಮುನ್ನ ಎರಡು ಸಲ ಓದಿದರೆ ಮೆಂಡೆಲ್ ಹೆದರಿಸುವುದಿಲ್ಲ. ಗಣಿತ ಬರುವುದು, ಒಂದು ಜನಸಮೂಹದಲ್ಲಿ ಜೀನ್ ರೂಪಗಳ ಪಾಲು ಲೆಕ್ಕ ಹಾಕುವ ಹಾರ್ಡಿ–ವೈನ್‌ಬರ್ಗ್ ಸಮೀಕರಣದಲ್ಲಿ. ನೂರರಲ್ಲಿ 36 ಜನರಿಗೆ ಒಂದು ಅಪ್ರಬಲ ಲಕ್ಷಣವಿದ್ದರೆ ಪಾಲು 0.36; ಅದರ ವರ್ಗಮೂಲ 0.6 ಆ ಅಲೀಲಿನ (ಜೀನಿನ ಒಂದು ರೂಪದ) ಪಾಲು, ಉಳಿದ ಅಲೀಲ್ 0.4, ಮಿಶ್ರ ಜೋಡಿ 2 × 0.6 × 0.4 = 0.48, ಅಂದರೆ 48 ಜನ. ಇಷ್ಟೇ ಗಣಿತ. ಇದೇ ಎರಡು ಅಲೀಲ್‌ಗಳ ಸೂತ್ರವನ್ನು ಹಾಗೇ ಎ-ಬಿ-ಒ ರಕ್ತಗುಂಪಿಗೂ ಹಾಕಿಬಿಟ್ಟರೆ ಅಂಕ ಹೋಯಿತು, ಅಲ್ಲಿರುವುದು ಮೂರು ಅಲೀಲ್. ಪ್ರಾಕ್ಟಿಕಲ್ ಪರೀಕ್ಷೆಗಳಲ್ಲಿ ಪ್ರತಿ ವರ್ಷ ಕಾಣುವ ತಪ್ಪಿದು.

ರಕ್ತಗುಂಪು ನೋಡುವ ಸ್ಲೈಡ್ ಪರೀಕ್ಷೆಯಲ್ಲೂ ಒಂದು ಗುಂಡಿ ಇದೆ. ಆಂಟಿ-ಎ, ಆಂಟಿ-ಬಿ ಹನಿಗಳ ಜೊತೆ ರಕ್ತ ಬೆರೆಸಿ ಎರಡು ನಿಮಿಷದೊಳಗೆ ಓದಬೇಕು. ಹರಟೆ ಹೊಡೆಯುತ್ತ ಬಿಟ್ಟರೆ ಹನಿಯ ಅಂಚು ಒಣಗಿ ಗರಣೆ ಕಟ್ಟಿದಂತೆ ಕಾಣುತ್ತದೆ, ಒ ಗುಂಪಿನವರು ಎಬಿ ಆಗಿಬಿಡುತ್ತಾರೆ.

ಕ್ಯಾಲಿಪರ್ ಹಿಡಿದು ನೋಡಿದರೆ

ಪ್ರಯೋಗಾಲಯ ಇದೆ ಎಂದು ಕಾಲೇಜು ಹೇಳಿದರೆ ಬಾಗಿಲು ತೆಗೆಸಿ ನೋಡಿ. ಎತ್ತರ ಅಳೆಯುವ ಒಂದು ಆಂಥ್ರೊಪೊಮೀಟರ್ ಕಡ್ಡಿ, ಎರಡು ಬಿಂದುಗಳ ಅಂತರ ಅಳೆಯುವ ಸ್ಪ್ರೆಡಿಂಗ್ ಕ್ಯಾಲಿಪರ್, ಸ್ಲೈಡಿಂಗ್ ಕ್ಯಾಲಿಪರ್, ಉಕ್ಕಿನ ಟೇಪು, ತೂಕದ ಯಂತ್ರ, ಒಂದು ತಲೆಬುರುಡೆ, ಗಂಡು ಹೆಣ್ಣು ಎರಡೂ ಶ್ರೋಣಿಯ ಮೂಳೆಗಳು ಅಥವಾ ಅವುಗಳ ಒಳ್ಳೆಯ ಪ್ರತಿಕೃತಿ: ಇವಿಷ್ಟು ಇದ್ದರೆ ಪದವಿಗೆ ಸಾಕು. ಮೂಳೆಗಳೆಲ್ಲ ಗಾಜಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಧೂಳು ತಿನ್ನುತ್ತಿದ್ದರೆ ಅದು ಪ್ರಯೋಗಾಲಯವಲ್ಲ, ಪ್ರದರ್ಶನ. ಹತ್ತು ವಿದ್ಯಾರ್ಥಿಗಳಿಗೆ ಒಂದು ಕ್ಯಾಲಿಪರ್ ಆದರೂ ನಡೆಯುತ್ತದೆ. ನಲವತ್ತಕ್ಕೆ ಒಂದಾದರೆ ಮೂವತ್ತು ಜನ ಮುಂದಿನವರ ರೆಕಾರ್ಡ್ ನೋಡಿ ಬರೆಯುತ್ತಾರೆ.

ಅಳತೆ ಮಾಡುವುದು ನೋಡಲು ಸುಲಭ. ತಲೆಯ ಉದ್ದ ಎಂದರೆ ಹುಬ್ಬುಗಳ ನಡುವಿನ ಉಬ್ಬು ಬಿಂದು ಗ್ಲಾಬೆಲ್ಲಾದಿಂದ ಹಿಂತಲೆಯಲ್ಲಿ ಅತಿ ದೂರದ ಬಿಂದುವಿಗೆ. ಎಡಗೈಯಿಂದ ಒಂದು ತುದಿಯನ್ನು ಗ್ಲಾಬೆಲ್ಲಾದ ಮೇಲೆ ಕದಲದಂತೆ ಹಿಡಿದು, ಬಲಗೈಯ ತುದಿಯನ್ನು ತಲೆಯ ಮಧ್ಯರೇಖೆಯಲ್ಲಿ ಮೇಲೆ ಕೆಳಗೆ ಸರಿಸುತ್ತ ಗರಿಷ್ಠ ಎಷ್ಟು ಬರುತ್ತದೆ ಎಂದು ನೋಡಬೇಕು. ಅಗಲಕ್ಕೆ ಕಿವಿಗಳ ಮೇಲ್ಭಾಗದಲ್ಲಿ ಎರಡೂ ಬದಿಯ ಗರಿಷ್ಠ ಅಂತರ. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶಿರಸೂಚ್ಯಂಕ. ಉದ್ದ 184 ಮಿ.ಮೀ., ಅಗಲ 146 ಮಿ.ಮೀ. ಇದ್ದರೆ 79.3 ಬರುತ್ತದೆ. 76ರಿಂದ 80.9ರವರೆಗೆ ಮಧ್ಯಮ ತಲೆ ಎಂದು ಪಠ್ಯ ಹೇಳುತ್ತದೆ. ಈಗ ಅಗಲ ಅಳೆಯುವಾಗ ಕ್ಯಾಲಿಪರನ್ನು ಒತ್ತದೆ, ದಟ್ಟ ಕೂದಲಿನ ಮೇಲೆಯೇ ಹಿಡಿದು 150 ಎಂದು ಓದಿದಿರಿ ಅನ್ನಿ. ಸೂಚ್ಯಂಕ 81.5ಕ್ಕೆ ಜಿಗಿಯಿತು, ಅದೇ ಮನುಷ್ಯ ಅಗಲ ತಲೆಯವನಾದ. ನಾಲ್ಕು ಮಿಲಿಮೀಟರ್‌ನಲ್ಲಿ ‘ವರ್ಗ’ವೇ ಬದಲು.

ಎತ್ತರದಲ್ಲೂ ಹೀಗೆಯೇ. ಚಪ್ಪಲಿ ಬಿಡಿಸಿ, ಹಿಮ್ಮಡಿ ಕೂಡಿಸಿ ನಿಲ್ಲಿಸಿ, ಕಣ್ಣುಗುಳಿಯ ಕೆಳಅಂಚೂ ಕಿವಿಯ ಮುಂದಿನ ಟ್ರೇಜಿಯನ್ ಬಿಂದುವೂ ಒಂದೇ ಮಟ್ಟದಲ್ಲಿ ಬರುವಂತೆ ತಲೆ ಹಿಡಿಯಬೇಕು. ಇದಕ್ಕೆ ಫ್ರಾಂಕ್‌ಫರ್ಟ್ ಸಮತಲ ಎನ್ನುತ್ತಾರೆ. ಗಲ್ಲ ಎತ್ತಿದರೆ ಅಳತೆ ಕೆಟ್ಟಿತು. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಒತ್ತಿಕೊಳ್ಳುವುದರಿಂದ ಸಂಜೆಯ ಹೊತ್ತಿಗೆ ಮನುಷ್ಯ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿರುತ್ತಾನೆ. ಆದ್ದರಿಂದ ಅರ್ಧ ಜನರನ್ನು ಬೆಳಿಗ್ಗೆ, ಉಳಿದವರನ್ನು ಸಂಜೆ ಅಳೆದು ಹೋಲಿಸಬಾರದು. ಒಳ್ಳೆಯ ಮೇಷ್ಟರು ಪ್ರತಿ ಅಳತೆಯನ್ನೂ ಎರಡು ಸಲ, ಬೇರೆ ಬೇರೆ ಕೈಯಲ್ಲಿ ಮಾಡಿಸಿ ಎರಡರ ವ್ಯತ್ಯಾಸವನ್ನೂ ರೆಕಾರ್ಡಿನಲ್ಲಿ ಬರೆಸುತ್ತಾರೆ. ಅದನ್ನು ಬರೆಸದ ಕಡೆ ಎಲ್ಲರ ಅಂಕಿಗಳೂ ಅನುಮಾನ ಬರುವಷ್ಟು ಚೆಂದ.

ಇನ್ನು ಮುಖ್ಯ ಪ್ರಶ್ನೆ: ತಲೆ ಮೂಗು ಅಳೆದು ಈಗ ಏನಾಗಬೇಕು? 1901ರ ಜನಗಣತಿಯ ಕಮಿಷನರ್ ಆಗಿದ್ದ ರಿಸ್ಲಿ, ಮೂಗಿನ ಸೂಚ್ಯಂಕ (ಉದ್ದಕ್ಕೆ ಹೋಲಿಸಿದರೆ ಮೂಗಿನ ಅಗಲ) ಹೆಚ್ಚಿದಷ್ಟೂ ಜಾತಿಯ ಸ್ಥಾನ ಕೆಳಗೆ ಎಂಬ ವಾದ ಹೂಡಿ ಜಾತಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಲು ಹೊರಟಿದ್ದರು. ಅದು ನಿಲ್ಲಲಿಲ್ಲ. ಅಮೆರಿಕಕ್ಕೆ ವಲಸೆ ಬಂದವರ ಮಕ್ಕಳ ತಲೆಯ ಆಕಾರ ತಂದೆತಾಯಿಯರಿಗಿಂತ ಬೇರೆಯಾಗುವುದನ್ನು ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ 1911–12ರ ಹೊತ್ತಿಗೇ ತೋರಿಸಿದ್ದರು, ತಲೆ ಎಂಬುದು ಜನಾಂಗದ ಶಾಶ್ವತ ಮುದ್ರೆ ಎಂಬ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು. ಇಂದು ಈ ಅಳತೆಗಳ ನಿಜವಾದ ಉಪಯೋಗ ಮಕ್ಕಳ ಪೋಷಣೆ ಮತ್ತು ಬೆಳವಣಿಗೆ, ಕುರ್ಚಿ–ಹೆಲ್ಮೆಟ್‌ಗಳ ವಿನ್ಯಾಸ, ನ್ಯಾಯವೈದ್ಯಕೀಯದಲ್ಲಿ. ಕ್ಯಾಲಿಪರ್ ಕಲಿಸಿ ರಿಸ್ಲಿಯ ಕಥೆ ಹೇಳದ ಕಾಲೇಜು ಅಪಾಯಕಾರಿ. ರಿಸ್ಲಿಯನ್ನು ಬೈದು ಕ್ಯಾಲಿಪರ್ ಮುಟ್ಟಿಸದ ಕಾಲೇಜು ಅರೆಬರೆ. ಅಳತೆಯ ಕೌಶಲ ಮಾನವಶಾಸ್ತ್ರದ್ದು, ಆ ಅಳತೆಯನ್ನು ಯಾರು ಯಾಕೆ ಬಳಸಿದರು ಎಂಬ ಅನುಮಾನ ಸಮಾಜಶಾಸ್ತ್ರದ್ದು. ಎರಡೂ ಒಂದೇ ವಾರದಲ್ಲಿ ಸಿಕ್ಕಿದರೆ ಜೋಡಿ ಪದವಿಗೆ ಅರ್ಥ ಬಂತು.

ಪುರಾತತ್ತ್ವದ ಪತ್ರಿಕೆ ಬೆಂಗಳೂರಿನಲ್ಲಿ ಪುಸ್ತಕದಲ್ಲೇ ಮುಗಿದುಹೋಗುತ್ತದೆ, ಅದೊಂದು ಬೇಸರ. ಹುಣಸಗಿ ಕಣಿವೆಯ ಇಸಾಂಪುರ, ಬಳ್ಳಾರಿಯ ಸಂಗನಕಲ್ಲು, 1947ರಲ್ಲಿ ಪುರಾತತ್ತ್ವಜ್ಞ ವ್ಹೀಲರ್ ಅಗೆದ ಚಿತ್ರದುರ್ಗದ ಬ್ರಹ್ಮಗಿರಿ ಈ ಪ್ರಾಚೀನ ನೆಲೆಗಳೆಲ್ಲ ನಮ್ಮ ರಾಜ್ಯದಲ್ಲೇ ಇವೆ, ಪ್ರವಾಸಕ್ಕೆ ಕರೆದೊಯ್ಯುವವರು ಕಡಿಮೆ. ಬಸ್ಸು ಮಾಡಿಕೊಂಡು ಹಂಪಿಗೆ ಹೋಗಿ ಗುಂಪು ಫೋಟೊ ತೆಗೆಸಿಕೊಂಡು ಬರುವುದನ್ನು ಅಧ್ಯಯನ ಪ್ರವಾಸ ಎಂದು ಲೆಕ್ಕ ಹಾಕಬೇಡಿ.

ಬೆಂಗಳೂರೇ ಕ್ಷೇತ್ರ

ಬುಡಕಟ್ಟಿನವರ ವಸತಿಗೆ ಹೋದರೆ ಮಾತ್ರ ಮಾನವಶಾಸ್ತ್ರ ಎಂಬ ಭ್ರಮೆ ಇನ್ನೂ ಇದೆ. ಮೂರು ದಿನ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ಜೊತೆ ಹಾಡು ಕೇಳಿ ಬರೆಯುವ ವರದಿಗಿಂತ, ಮನೆಯ ಹತ್ತಿರದ ಮಾರುಕಟ್ಟೆಯಲ್ಲಿ ಮೂರು ತಿಂಗಳು ವಾರಕ್ಕೆ ಎರಡು ದಿನ ನಿಂತು ಬರೆದದ್ದು ಹತ್ತು ಪಟ್ಟು ಮೇಲು. ಮಾನವಶಾಸ್ತ್ರಜ್ಞ ಮ್ಯಾಲಿನೋವ್‌ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳಿಂದ ಕಲಿಸಿದ್ದು ದೂರ ಹೋಗುವುದನ್ನಲ್ಲ, ತುಂಬ ದಿನ ಇರುವುದನ್ನು.

ಕರಗವನ್ನೇ ತೆಗೆದುಕೊಳ್ಳಿ, ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಆರಿಸಿಕೊಳ್ಳುವ ವಿಷಯ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ನಿಂತರೆ ಸಿಗುವುದು ಜನಜಂಗುಳಿ ಮತ್ತು ಮೊಬೈಲ್ ವಿಡಿಯೊ. ಆಚರಣೆ ಶುರುವಾಗುವುದು ದಿನಗಳ ಮುಂಚೆ, ಧ್ವಜಾರೋಹಣದಿಂದ. ತಿಗಳ ಸಮುದಾಯದ ವೀರಕುಮಾರರು ಯಾರ ಮನೆಯವರು, ಕತ್ತಿ ಯಾರ ಬಳಿ ಇರುತ್ತದೆ, ಹಸಿ ಕರಗ ಸಂಪಂಗಿ ಕೆರೆಯ ಅಂಗಳಕ್ಕೆ ಯಾಕೆ ಹೋಗುತ್ತದೆ, ಆ ಕೆರೆ ಕಂಠೀರವ ಕ್ರೀಡಾಂಗಣವಾದ ಮೇಲೆ ಏನು ಉಳಿಯಿತು, ಮೆರವಣಿಗೆ ಹಜರತ್ ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ನಿಲ್ಲುವಾಗ ಒಳಗೆ ಯಾರು ಬರಮಾಡಿಕೊಳ್ಳುತ್ತಾರೆ: ಇವನ್ನು ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಕೇಳಬೇಕು. ಹಬ್ಬದ ದಿನ ಯಾರಿಗೂ ಪುರುಸೊತ್ತಿರುವುದಿಲ್ಲ. ತೋಟಗಾರಿಕೆಯ ಸಮುದಾಯಕ್ಕೂ ಊರಿನ ಕೆರೆಗಳಿಗೂ ಇದ್ದ ನಂಟು ಸಮಾಜಶಾಸ್ತ್ರದ ನಗರೀಕರಣ ಪಾಠಕ್ಕೆ ನೇರ ಸೇರುತ್ತದೆ. ಒಂದೇ ಕ್ಷೇತ್ರಕಾರ್ಯ, ಎರಡು ಪತ್ರಿಕೆಗೂ ಸಾಮಗ್ರಿ.

ಸಮೀಕ್ಷೆ ಮಾಡುವವರಿಗೆ ಈ ಊರು ಬೇರೆ ರೀತಿ ಕಾಡುತ್ತದೆ. ಅಪಾರ್ಟ್‌ಮೆಂಟ್‌ನ ಗೇಟಿನಲ್ಲಿ ಸೆಕ್ಯುರಿಟಿಯವರು ತಡೆಯುತ್ತಾರೆ. ನಿವಾಸಿಗಳ ಸಂಘದ ಒಪ್ಪಿಗೆ ಪತ್ರ ಮೊದಲೇ ಬೇಕು, ಅದಕ್ಕೆ ಕಾಲೇಜಿನ ಲೆಟರ್‌ಹೆಡ್ ಬೇಕು. ಎರಡೂ ಸೇರಿ ವಾರಗಟ್ಟಲೆ ಹಿಡಿಯುತ್ತದೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳು ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆ ಸಿಗುವುದು ಭಾನುವಾರ, ಆ ದಿನ ಬಟ್ಟೆ ಒಗೆಯುವುದು, ನೀರು ಹಿಡಿಯುವುದು ಇರುತ್ತದೆ. ಕೆಲಸದ ನಡುವೆ ಕೂತು ಮಾತಾಡಲು ಒಪ್ಪಬೇಕೇ ಹೊರತು ‘ಅರ್ಧ ಗಂಟೆ ಬಿಡುವು ಕೊಡಿ’ ಎನ್ನಬಾರದು. ಮನೆಗೆಲಸದವರು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ಪೌರಕಾರ್ಮಿಕರನ್ನು ಕಂಡರೆ ಬೆಳಗಿನ ಮಸ್ಟರಿಂಗ್ (ಹಾಜರಿ) ಮುಗಿದ ಮೇಲೆ ಮಾತಾಡಿಸಿ. ಮೇಸ್ತ್ರಿ ಪಕ್ಕದಲ್ಲಿದ್ದರೆ ಸಂಬಳದ ಪ್ರಶ್ನೆ ಎತ್ತಬೇಡಿ, ಉತ್ತರ ಸುಳ್ಳಾಗುತ್ತದೆ, ಹೇಳಿದವರಿಗೆ ತೊಂದರೆಯೂ ಆಗುತ್ತದೆ.

ಪ್ರಶ್ನಾವಳಿಯೊಂದನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಬಾಡಿಗೆ ಮನೆಯ ಉದಾಹರಣೆ ಸಾಕು. ‘ಬಾಡಿಗೆ ಕೊಡುವಾಗ ಜಾತಿ ನೋಡುತ್ತೀರಾ?’ ಎಂದು ಕೇಳಿದರೆ ಬಹುತೇಕರು ಇಲ್ಲ ಎಂದೇ ಟಿಕ್ ಹಾಕುತ್ತಾರೆ. ಅದೇ ಬೀದಿಯಲ್ಲಿ ನಡೆದರೆ ‘ಸಸ್ಯಾಹಾರಿಗಳಿಗೆ ಮಾತ್ರ’ ಬೋರ್ಡುಗಳು ಕಾಣುತ್ತವೆ, ಬ್ರೋಕರ್ ಮೊದಲು ಕೇಳುವುದು ಪೂರ್ತಿ ಹೆಸರನ್ನು. ಸಮೀಕ್ಷೆಯ ಅಂಕಿಯನ್ನು ಕಣ್ಣು ತಿದ್ದುತ್ತದೆ. ಹಾಗೆಯೇ ಒಂದು ಬೀದಿಯಲ್ಲಿ ಕಂಡದ್ದು ಇಡೀ ಬಡಾವಣೆಗೆ ನಿಜವೇ ಎಂಬುದನ್ನು ಸಮೀಕ್ಷೆ ಪರೀಕ್ಷಿಸುತ್ತದೆ.

ರಕ್ತಸಂಬಂಧದ ನಕ್ಷೆ ಬರೆಸುವ ಅಭ್ಯಾಸ ಈ ಪದವಿಯ ಅತ್ಯುತ್ತಮ ಭಾಗಗಳಲ್ಲಿ ಒಂದು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮ ಚಿಹ್ನೆ, ತೀರಿಕೊಂಡವರ ಮೇಲೆ ಅಡ್ಡಗೆರೆ. ಇಂಗ್ಲಿಷ್ ಪಠ್ಯದ ಮಾದರಿ ನಕ್ಷೆಗಳು ಮರದ ಕೊಂಬೆಗಳಂತೆ ಹರಡಿ ಮುಗಿಯುತ್ತವೆ. ಹಳೇ ಮೈಸೂರಿನ ಒಂದು ಕುಟುಂಬ ಬರೆಯಲು ಕೂತರೆ ಅಕ್ಕನ ಮಗಳನ್ನು ಮದುವೆಯಾದ ಸೋದರಮಾವ ಬರುತ್ತಾನೆ, ಒಬ್ಬಳೇ ಹೆಂಗಸು ಎರಡು ತಲೆಮಾರಿನ ಸಾಲುಗಳಲ್ಲೂ ಬೇಕಾಗುತ್ತಾಳೆ, ಗೆರೆಗಳು ಒಂದನ್ನೊಂದು ದಾಟುತ್ತವೆ. ಆಗ ಅವಳನ್ನು ಎರಡು ಕಡೆ ಬರೆಯಬಾರದು. ಒಂದೇ ಕಡೆ ಬರೆದು ಮದುವೆಯ ಗೆರೆಯನ್ನು ಓರೆಯಾಗಿ ಎಳೆಯಬೇಕು, ಪ್ರತಿ ವ್ಯಕ್ತಿಗೂ ಕ್ರಮಸಂಖ್ಯೆ ಕೊಟ್ಟು ವಿವರವನ್ನು ಬೇರೆ ಹಾಳೆಯಲ್ಲಿಡಬೇಕು. ಎ-4 ಹಾಳೆ ಸಾಲದು, ಚಾರ್ಟ್ ಪೇಪರ್ ಅಡ್ಡಲಾಗಿ ಹಾಸಿ ಪೆನ್ಸಿಲ್‌ನಲ್ಲೇ ಶುರು ಮಾಡಿ. ಮನೆಯಲ್ಲಿ ಅಜ್ಜಿಯನ್ನೂ ಅಜ್ಜನನ್ನೂ ಬೇರೆ ಬೇರೆ ಕೇಳಿ. ಇಬ್ಬರ ನಕ್ಷೆಯಲ್ಲಿ ಮಾಯವಾಗುವ ನೆಂಟರು ಬೇರೆ ಬೇರೆ, ಅದೇ ದತ್ತಾಂಶ.

ಅಂಕಿಅಂಶದಲ್ಲಿ ಸಾಮಾನ್ಯ ಎಡವಟ್ಟು, ಎರಡು ಸಂಗತಿಗಳ ನಡುವೆ ನಂಟಿದೆಯೇ ಎಂದು ನೋಡುವ ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆಯದು. ಮೂವತ್ತು ಜನರ ಸಂದರ್ಶನ ಮಾಡಿ, ಐದು ಆದಾಯ ಗುಂಪು, ನಾಲ್ಕು ಶಿಕ್ಷಣ ಮಟ್ಟ ಎಂದು ಇಪ್ಪತ್ತು ಚೌಕದ ಕೋಷ್ಟಕ ಹಾಕುತ್ತಾರೆ. ಪ್ರತಿ ಚೌಕಕ್ಕೆ ಸರಾಸರಿ ಒಂದೂವರೆ ಜನ! ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆ ಇರುವ ಚೌಕಗಳು ಹೆಚ್ಚಾದರೆ ಆ ಪರೀಕ್ಷೆಯ ಫಲಿತಾಂಶ ನಂಬುವಂತಿಲ್ಲ. ಗುಂಪುಗಳನ್ನು ಎರಡೆರಡಕ್ಕೆ ಇಳಿಸಿ, ಇಲ್ಲವೇ ಪರೀಕ್ಷೆಯನ್ನೇ ಕೈಬಿಟ್ಟು ಮಾತುಗಳನ್ನು ವಿಶ್ಲೇಷಿಸಿ. ಅಂಕಿಅಂಶದ ತಂತ್ರಾಂಶ ಎಸ್‌ಪಿಎಸ್‌ಎಸ್ ಪರವಾನಗಿ ಕಾಲೇಜಿನಲ್ಲಿ ಇಲ್ಲದಿದ್ದರೆ ಪಿಎಸ್‌ಪಿಪಿ ಅಥವಾ ಆರ್ ಉಚಿತ, ಪದವಿಗೆ ಧಾರಾಳ.

ಒಂದು ಗಂಟೆಯ ಧ್ವನಿಮುದ್ರಣ ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಇಟ್ಟುಕೊಳ್ಳಿ. ತಾನಾಗಿ ಬರೆಯುವ ತಂತ್ರಾಂಶಗಳು ದಿನಪತ್ರಿಕೆಯ ಕನ್ನಡವನ್ನು ಒಂದು ಮಟ್ಟಿಗೆ ಹಿಡಿಯುತ್ತವೆ. ಕನ್ನಡ, ತಮಿಳು, ದಖನಿ ಬೆರೆತ ಶಿವಾಜಿನಗರದ ಮಾತಿಗೆ ಕೈಚೆಲ್ಲುತ್ತವೆ. ಹತ್ತು ಸಂದರ್ಶನ ಎಂದರೆ ಐವತ್ತು ಗಂಟೆಯ ಟೈಪಿಂಗ್ ಎಂಬ ಲೆಕ್ಕ ಹಾಕದೆ ಐದನೇ ಸೆಮಿಸ್ಟರ್‌ನಲ್ಲಿ ವಿಷಯ ಆರಿಸಿಕೊಂಡವರು ಆರನೆಯದರಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂರುತ್ತಾರೆ. ಟಿಪ್ಪಣಿಯನ್ನು ಅದೇ ದಿನ ಬರೆಯಿರಿ, ಮಲಗಿ ಎದ್ದರೆ ಅರ್ಧ ಹೋಗಿರುತ್ತದೆ. ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿಡಿ. ಶ್ರೀನಿವಾಸರ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಹೋದವು, ಮೂರೂ ಒಂದೇ ಕಡೆ ಇದ್ದವು. ಅವರು ಆ ಹಳ್ಳಿಯ ಪುಸ್ತಕವನ್ನು ನೆನಪಿನಿಂದ ಬರೆದು 1976ರಲ್ಲಿ ಪ್ರಕಟಿಸಿದರು. ಆ ನೆನಪಿನ ಶಕ್ತಿ ನಮ್ಮಲ್ಲಿ ಇದೆಯೇ ಎಂದು ಪರೀಕ್ಷಿಸಿ ನೋಡುವ ಅಗತ್ಯವಿಲ್ಲ, ಪೆನ್‌ಡ್ರೈವ್ ಅಗ್ಗ.

ದಾರಿಗಳು

ಎರಡೂ ವಿಷಯಗಳನ್ನು ಸಮಸಮವಾಗಿ, ಕೆಲಸಕ್ಕೆ ಹೋಗುತ್ತಲೇ ಓದಬೇಕೆನ್ನುವವರಿಗೆ ಇಗ್ನೋದ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ) ಬಿ.ಎ. ಒಂದು ನೇರ ದಾರಿ. ಮಾನವಶಾಸ್ತ್ರಕ್ಕೆ ಬಿಎಎನ್‌ಸಿ 131ರಿಂದ 134, ಸಮಾಜಶಾಸ್ತ್ರಕ್ಕೆ ಬಿಎಸ್‌ಒಸಿ 131ರಿಂದ 134: ಎರಡು ಕಡೆಯೂ ನಾಲ್ಕು ನಾಲ್ಕು ಬುನಾದಿ ಕೋರ್ಸುಗಳು, ತಲಾ 6 ಕ್ರೆಡಿಟ್. ಮಾನವಶಾಸ್ತ್ರದ ನಾಲ್ಕರಲ್ಲಿ ಸಂಶೋಧನಾ ವಿಧಾನ, ಜೈವಿಕ, ಸಾಮಾಜಿಕ–ಸಾಂಸ್ಕೃತಿಕ, ಪುರಾತತ್ತ್ವ ಎಲ್ಲ ಬರುತ್ತವೆ, ಈ ಹರವು ನಗರದ ಹಲವು ದುಬಾರಿ ಕೋರ್ಸುಗಳಲ್ಲಿ ಇಲ್ಲ. ಅಸೈನ್‌ಮೆಂಟ್‌ಗೆ 30, ಅಂತಿಮ ಪರೀಕ್ಷೆಗೆ 70 ಪ್ರತಿಶತ; ಜೂನ್ ಮತ್ತು ಡಿಸೆಂಬರ್‌ನಲ್ಲಿ ಪರೀಕ್ಷೆ; ಪ್ರವೇಶ ಜನವರಿ ಮತ್ತು ಜುಲೈ ಆವೃತ್ತಿಗಳಿಗೆ. ಪಠ್ಯ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕಾರ್ಯಕ್ರಮದ ಹೆಸರು, ರಚನೆ ಇತ್ತೀಚೆಗೆ ಬದಲಾಗುತ್ತಿರುವುದರಿಂದ ನೀವು ಸೇರುವ ಆವೃತ್ತಿಯ ಪ್ರೋಗ್ರಾಂ ಗೈಡನ್ನೇ ನೋಡಿ, ಹಿಂದಿನ ವರ್ಷದ ಅಕ್ಕನ ಗೈಡನ್ನಲ್ಲ.

ದೌರ್ಬಲ್ಯವೂ ಸ್ಪಷ್ಟ. ಮಾನವಶಾಸ್ತ್ರ ಆಯ್ದುಕೊಳ್ಳುವವರು ವಿರಳವಾದ್ದರಿಂದ ಅಧ್ಯಯನ ಕೇಂದ್ರದಲ್ಲಿ ಎದುರಾಬದುರು ತರಗತಿಯ ನಿರೀಕ್ಷೆ ಇಟ್ಟುಕೊಳ್ಳದಿರುವುದು ಲೇಸು. ಕ್ಯಾಲಿಪರ್ ಹಿಡಿಯುವ ಕೈಗೆ ಪುಸ್ತಕ ಸಾಲದು. ಅಸೈನ್‌ಮೆಂಟ್ ಸಲ್ಲಿಸಿದ ರಸೀದಿ ಜೋಪಾನ ಮಾಡದಿದ್ದರೆ ಅಂಕ ಏರದೆ ಹೋದಾಗ ತೋರಿಸಲು ಏನೂ ಇರುವುದಿಲ್ಲ. ಇಗ್ನೋ ಪಠ್ಯಗಳೆಲ್ಲ ಅದರ ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿವೆ, ಆದ್ದರಿಂದ ಬೇರೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಿರುವವರೂ ಮಾನವಶಾಸ್ತ್ರದ ಆ ನಾಲ್ಕನ್ನು ಓದಿಕೊಳ್ಳಬಹುದು. ಪದವಿಪತ್ರದಲ್ಲಿ ಹೆಸರು ಬರುವುದಿಲ್ಲ, ತಲೆಯಲ್ಲಿ ಬರುತ್ತದೆ.

ಪ್ರಯೋಗಾಲಯ ಸಮೇತ ಬೇಕೆಂದರೆ ಮೈಸೂರಿನ ಕಡೆ ನೋಡುವುದು ವಾಸಿ. ಮಾನಸಗಂಗೋತ್ರಿಯಲ್ಲಿ ಮಾನವಶಾಸ್ತ್ರ ವಿಭಾಗವಿದೆ; ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ವಲಯ ಕೇಂದ್ರ, ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆ, ಭೋಪಾಲದ ಮಾನವ ಸಂಗ್ರಹಾಲಯದ ಶಾಖೆ ಎಲ್ಲವೂ ಅದೇ ಊರಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ವಿಭಾಗವಿದೆ. ಬೆಂಗಳೂರಿನಲ್ಲಿ ಸಮಾಜಶಾಸ್ತ್ರದ ಬಿ.ಎ. ಮುಗಿಸಿ ಅಲ್ಲಿ ಸ್ನಾತಕೋತ್ತರಕ್ಕೆ ಹೋಗುವುದು ಹಲವರಿಗೆ ಹೊಂದುವ ಕ್ರಮ.

ಕನ್ನಡ ಮಾಧ್ಯಮದವರಿಗೆ ಸಮಾಜಶಾಸ್ತ್ರದ ಪುಸ್ತಕ ಅವೆನ್ಯೂ ರಸ್ತೆಯಲ್ಲಿ ರಾಶಿ ಇದೆ, ಗೈಡುಗಳು ಇನ್ನೂ ಹೆಚ್ಚು. ಮಾನವಶಾಸ್ತ್ರಕ್ಕೆ ಕೊರತೆ, ಅದರಲ್ಲೂ ಜೈವಿಕ ಭಾಗಕ್ಕೆ. ಬುಡಕಟ್ಟುಗಳ ಬಗ್ಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಕಟಣೆಗಳು ಕನ್ನಡದಲ್ಲೇ ಚೆನ್ನಾಗಿವೆ, ಅವು ಪರೀಕ್ಷೆಗಿಂತ ಹೆಚ್ಚು ಕ್ಷೇತ್ರಕಾರ್ಯಕ್ಕೆ ಉಪಯೋಗ.

ಪದವಿ ಆದ ಮೇಲೆ

ಮಾನವಶಾಸ್ತ್ರ ಪಿಯುಸಿಯಲ್ಲಿ ಕಲಿಸುವ ವಿಷಯವಲ್ಲ, ಹಾಗಾಗಿ ಪಿಯು ಉಪನ್ಯಾಸಕರಾಗಬೇಕೆನ್ನುವವರು ಎಂ.ಎ. ಅನ್ನು ಸಮಾಜಶಾಸ್ತ್ರದಲ್ಲೇ ಮಾಡಬೇಕು. ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯಲ್ಲಿ ಸಮಾಜಶಾಸ್ತ್ರದ ಸಂಕೇತ 05, ಮಾನವಶಾಸ್ತ್ರದ್ದು 07. ಜೋಡಿ ಪತ್ರಿಕೆ ಎಂಬುದಿಲ್ಲ. ಯುಪಿಎಸ್‌ಸಿಗೆ ಎರಡೂ ಜನಪ್ರಿಯ ಐಚ್ಛಿಕಗಳು, 250ರ ಎರಡು ಪತ್ರಿಕೆ, ಒಟ್ಟು 500 ಅಂಕ. 2013ಕ್ಕೆ ಮುಂಚೆ ಎರಡು ಐಚ್ಛಿಕ ಆರಿಸಿಕೊಳ್ಳಬೇಕಿದ್ದ ಕಾಲದಲ್ಲಿ ಈ ಎರಡನ್ನು ಒಟ್ಟಿಗೆ ತೆಗೆದುಕೊಳ್ಳುವುದನ್ನೇ ಆಯೋಗ ನಿಷೇಧಿಸಿತ್ತು, ಎರಡರ ಪಠ್ಯ ಅಷ್ಟು ಒಂದರ ಮೇಲೊಂದು ಬೀಳುತ್ತಿತ್ತು. ಈಗ ಒಂದೇ ಐಚ್ಛಿಕ. ಚಿತ್ರ ಬರೆದು ಅಂಕ ಗಳಿಸಬಲ್ಲವರಿಗೆ ಮಾನವಶಾಸ್ತ್ರ, ವಾದ ಕಟ್ಟಬಲ್ಲವರಿಗೆ ಸಮಾಜಶಾಸ್ತ್ರ.

ನಮ್ಮ ದಿನಪತ್ರಿಕೆಗಳಲ್ಲಿ ‘ಕುಲಶಾಸ್ತ್ರೀಯ ಅಧ್ಯಯನ’ ಎಂಬ ಪದ ಯಾವುದಾದರೂ ಸಮುದಾಯದ ಎಸ್‌ಟಿ ಬೇಡಿಕೆ ಬಂದಾಗಲೆಲ್ಲ ಕಾಣಿಸುತ್ತದೆ. 1965ರ ಲೋಕೂರ್ ಸಮಿತಿಯ ಐದು ಮಾನದಂಡಗಳನ್ನು ಹಿಡಿದು ಹಟ್ಟಿ ಹಟ್ಟಿಗೆ ಹೋಗಿ ದಾಖಲಿಸುವ ಆ ತಂಡಗಳಲ್ಲಿ ಕ್ಷೇತ್ರ ಸಹಾಯಕರಿಗೆ ಕೆಲಸವಿರುತ್ತದೆ, ಕಾಯಂ ಅಲ್ಲ. ಬೆಂಗಳೂರಿನ ಖಾಸಗಿ ಮಾರುಕಟ್ಟೆಯಲ್ಲಿ ಕರೆಯುವುದು ಸ್ವಯಂಸೇವಾ ಸಂಸ್ಥೆಗಳು ಮತ್ತು ಆ್ಯಪ್ ಕಂಪನಿಗಳ ಬಳಕೆದಾರ ಸಂಶೋಧನಾ ತಂಡಗಳು. ಅಲ್ಲಿ ಯಾರೂ ವೆಬರ್‌ನಂಥ ಸಿದ್ಧಾಂತಿಗಳ ಬಗ್ಗೆ ಕೇಳುವುದಿಲ್ಲ. ಒಂದು ಸಂದರ್ಶನದ ಕೈಪಿಡಿ, ಹೆಸರು ಅಳಿಸಿದ ಎರಡು ಟ್ರಾನ್ಸ್‌ಕ್ರಿಪ್ಟ್, ಅದರಿಂದ ತೆಗೆದ ನಾಲ್ಕು ಪುಟದ ವರದಿ ತೋರಿಸಿ ಎನ್ನುತ್ತಾರೆ. ಕನ್ನಡದ ಜೊತೆ ತಮಿಳೋ ತೆಲುಗೋ ಉರ್ದುವೋ ಬಂದರೆ ಅದಕ್ಕೆ ಅಂಕಪಟ್ಟಿಗಿಂತ ಬೆಲೆ.

ಶುಲ್ಕ ಕಟ್ಟುವ ಮುನ್ನ ಕೌಂಟರ್‌ನಲ್ಲಿ ಕೇಳಬೇಕಾದ್ದು ಕೆಲವೇ. ಮಾನವಶಾಸ್ತ್ರದ ಒಟ್ಟು ಕ್ರೆಡಿಟ್ ಎಷ್ಟು, ಕಲಿಸುವವರ ಸ್ನಾತಕೋತ್ತರ ಪದವಿ ಯಾವ ವಿಷಯದಲ್ಲಿ, ಕಳೆದ ವರ್ಷದ ವಿದ್ಯಾರ್ಥಿಗಳ ಕ್ಷೇತ್ರ ವರದಿ ಒಂದೆರಡನ್ನು ತೋರಿಸುತ್ತೀರಾ. ವರದಿ ತೋರಿಸಲು ಹಿಂದೇಟು ಹಾಕಿದರೆ ಉತ್ತರ ಸಿಕ್ಕಿತು. ಪದವಿ ಮೂರು ವರ್ಷದ್ದೋ ನಾಲ್ಕರದ್ದೋ ಎಂಬುದನ್ನೂ ಬರಹದಲ್ಲಿ ಪಡೆಯಿರಿ: 2021–22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ರಚನೆ ಬಂತು, 2024–25ರಿಂದ ರಾಜ್ಯ ವಿಶ್ವವಿದ್ಯಾಲಯಗಳು ಮೂರಕ್ಕೆ ಮರಳಿದವು, ಖಾಸಗಿಯವರದು ಅವರವರ ಲೆಕ್ಕ. ಎಂ.ಎ. ಪ್ರವೇಶಕ್ಕೆ ಪದವಿಯಲ್ಲಿ ಆ ವಿಷಯವನ್ನು ಐಚ್ಛಿಕವಾಗಿ ಓದಿರಬೇಕೆಂಬ ನಿಯಮ ಹಲವೆಡೆ ಇದೆ. ‘ಮೈನರ್’ (ಉಪವಿಷಯ) ಎಂದು ಓದಿದ ಮಾನವಶಾಸ್ತ್ರ ಅಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂದು ಮುಂದಿನ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ಈಗಲೇ ನೋಡಿಡಿ. ಪದವಿ ಮುಗಿದ ಕೂಡಲೇ ಆರೂ ಸೆಮಿಸ್ಟರ್‌ಗಳ ಪಠ್ಯಕ್ರಮದ ಪ್ರತಿಗೆ ಕಾಲೇಜಿನ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಅಂಕಪಟ್ಟಿಯಲ್ಲಿ ಪತ್ರಿಕೆಯ ಹೆಸರಷ್ಟೇ ಇರುತ್ತದೆ, ಹೊರರಾಜ್ಯದವರೂ ವಿದೇಶದವರೂ ಕೇಳುವುದು ಒಳಗೆ ಏನು ಕಲಿಸಿದರು ಎಂಬುದನ್ನು, ಮತ್ತು ಪಠ್ಯಕ್ರಮ ಬದಲಾದ ಮೇಲೆ ಹಳೆಯದು ಕಚೇರಿಯಲ್ಲಿ ಸಿಗುವುದು ಕಷ್ಟ.